ಚಿಕ್ಕತ್ತೆ ಶನಿವಾರ ಆರಿಸುತ್ತಿದ್ದ ಫ್ರಿಜ್

ಮೊನ್ನೆ ನನ್ನ ಫ್ರಿಜ್‌ನ ತರಕಾರಿ ಡಬ್ಬದ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕವರು ಸಿಕ್ಕಿತು. ಯಾವಾಗಲೋ ತಂದು ಮರೆತ ಕೊತ್ತಂಬರಿ ಸೊಪ್ಪು. ಸೊಪ್ಪೆಲ್ಲಿ ಬಂತು, ಕಪ್ಪು ಹಸಿರಿನ ಲೋಳೆ. ಗಂಟು ಬಿಚ್ಚಿದ್ದೇ ತಡ, ವಾಸನೆ ಮೂಗಿಗೆ ಅಡರಿತು. ಥೂ... ಸಿಂಕಿನ ಮುಂದೆ ಬಗ್ಗಿ ನಿಂತಾಗ ನನಗೆ ನೆನಪಾದದ್ದು ನನ್ನ ಚಿಕ್ಕತ್ತೆ. ತೀರಿಹೋದವರು ಮಲ್ಲಿಗೆಯ ಪರಿಮಳಕ್ಕೆ ನೆನಪಾಗುತ್ತಾರೆ ಎಂದು ಹೇಳುವ ಪುಣ್ಯವಂತರಿದ್ದಾರೆ. ನನ್ನ ಹಣೆಬರಹ, ಕೊಳೆತದ್ದು ಕಂಡಾಗಲೆಲ್ಲ ನನಗೆ ಅವಳು ಕಣ್ಣ ಮುಂದೆ ಬಂದು ನಿಲ್ಲುತ್ತಾಳೆ.

ಅವಳು ನನ್ನ ಗಂಡನ ಚಿಕ್ಕಮ್ಮ. ಸೇಲಂನಲ್ಲಿ ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ನಮ್ಮದೂ ಅವಳದೂ ಒಂದೇ ಗೋಡೆಯ ಎರಡು ಮನೆ, ಹಿಂದೆ ಒಂದೇ ಹಿತ್ತಲು. ಅವಳ ಗಂಡ ಬೇಗ ತೀರಿಹೋಗಿದ್ದ. ಇದ್ದ ಒಬ್ಬ ಮಗಳನ್ನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಲೇ ಸಾಕಿ, ಓದಿಸಿ, ಮಾರಂಡಹಳ್ಳಿಗೆ ಮದುವೆ ಮಾಡಿ ಕಳಿಸಿದ್ದಳು. ಅಡುಗೆಮನೆಯಲ್ಲಿ ಜಾಗವಿಲ್ಲವೆಂದು ಮಗ್ಗದ ಪಕ್ಕದಲ್ಲೇ ಒಂದು ಬಾಗಿಲಿನ ಹಳೇ ಫ್ರಿಜ್ ನಿಲ್ಲಿಸಿಕೊಂಡಿದ್ದಳು. ಅದರ ತಲೆಯ ಮೇಲೆ ನೂಲಿನ ಉಂಡೆಗಳು, ಹೊಟ್ಟೆಯೊಳಗೆ... ಹೇಳಲೂ ಹೇಸಿಗೆಯಾಗುತ್ತದೆ.

ಮುಚ್ಚಳವಿಲ್ಲದ ಪಾತ್ರೆಯಲ್ಲಿ ಇಡ್ಲಿ ಹಿಟ್ಟು ಉಕ್ಕಿ, ಇಳಿದು, ಕೆಳಗಿನ ತಟ್ಟೆಯವರೆಗೂ ಒಣಗಿ ಅಂಟಿಕೊಂಡಿರುತ್ತಿತ್ತು. ಅದರ ಪಕ್ಕ ಸೌಟು ಸಮೇತ ಮೀನಿನ ಸಾರು. ಅದಕ್ಕೆ ಒರಗಿಕೊಂಡು ಮೊಸರು, ಮೊಸರಿನ ಮೇಲೆ ಹೂವಿನ ಪೊಟ್ಟಣ. ನೂಲಿಗೆ ಹಾಕಿ ಉಳಿದ ಗಂಜಿಯನ್ನೂ ಅದರಲ್ಲೇ ಇಡುವಳು, ಮೇಲೆ ಬೂದುಬಣ್ಣದ ಕೆನೆ ಕಟ್ಟಿರುತ್ತಿತ್ತು. ಎಲ್ಲಕ್ಕಿಂತ ಮೇಲಿನ ತಟ್ಟೆಯಲ್ಲಿ ಹಸಿ ಬಾಡು ಇಡುವಳು. ಅದರ ಕೆಂಪು ನೀರು ತೊಟ್ಟು ತೊಟ್ಟಾಗಿ ಕೆಳಗಿನ ಅನ್ನಕ್ಕೆ ಇಳಿಯುವುದನ್ನು ನಾನು ಈ ಕಣ್ಣಿಂದ ಕಂಡಿದ್ದೇನೆ. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ನಾನೋ, ಹಸಿ ಮಾಂಸ ಕೆಳಗೆ, ಬೇಯಿಸಿದ್ದು ಮೇಲೆ, ಬಿಸಿ ಆರದೆ ಒಳಗಿಲ್ಲ, ಮುಚ್ಚಳವಿಲ್ಲದ್ದಕ್ಕೆ ಜಾಗವಿಲ್ಲ ಎನ್ನುವವಳು. ಫ್ರೀಜರಿನಲ್ಲಿಡುವ ಪೊಟ್ಟಣಕ್ಕೆ ತಾರೀಕು ಬರೆದು ಅಂಟಿಸುತ್ತಿದ್ದೆ. ಅದನ್ನು ಕಂಡರೆ ಚಿಕ್ಕತ್ತೆಗೆ ನಗು. ಬೀದಿಯವರನ್ನೆಲ್ಲ ಕರೆದು ತೋರಿಸುವಳು.

"ನೋಡ್ರಮ್ಮ, ನಮ್ ಸೊಸೆ ಫ್ರಿಜ್ಜಾ ಆಸ್ಪತ್ರೆ ಮಾಡವ್ಳೆ. ಬಾಡ್ಗೂ ಬರ್ತ್‌ಡೇ ಬರ್ದವ್ಳೆ."

ನಾನು ಬೈದರೆ ಅವಳದು ಒಂದೇ ಉತ್ತರ, ಅದೂ ತಮಿಳಿನಲ್ಲಿ: "ಒಣ್ಣುಂ ಆಗಾದು." ಏನೂ ಆಗಲ್ಲವಂತೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ವರ್ಷ ಅವಳ ಮಗಳು ಮತ್ತೆ ಬಸುರಿಯಾದಳು. ಮೊದಲನೆಯದು ನಿಂತಿರಲಿಲ್ಲ. ಹುಡುಗಿಗೆ ರಕ್ತ ಕಡಿಮೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಚಿಕ್ಕತ್ತೆ ಹೆತ್ತಾಗ ಅವಳ ತಾಯಿ ಬದುಕಿರಲಿಲ್ಲ, ಅತ್ತೆಮನೆಯಲ್ಲಿ ಮೆಣಸಿನ ಸಾರು ಅನ್ನ ಬಿಟ್ಟರೆ ಬೇರೇನೂ ಕೊಟ್ಟಿರಲಿಲ್ಲ. ಅದನ್ನು ಹೇಳುವಾಗ ಅವಳ ನಗು ನಿಂತುಹೋಗುತ್ತಿತ್ತು. ಮಗಳ ಬಾಣಂತನವನ್ನಾದರೂ ತನ್ನ ಕೈಯಾರೆ ಮಾಡಬೇಕು, ಕುರಿಕಾಲು ಸೂಪು ಕಾಯಿಸಿ ಕುಡಿಸಿ ಅವಳನ್ನು ಎಬ್ಬಿಸಿ ನಿಲ್ಲಿಸಬೇಕು. ಬದುಕಿನಲ್ಲಿ ಅವಳಿಗೆ ಉಳಿದಿದ್ದ ಆಸೆ ಅದೊಂದೇ. ಕುಲದೇವರಿಗೆ ಕುರಿ ಕಡಿದ ನೆಂಟರ ಮನೆಗಳಿಂದೆಲ್ಲ ಕಾಲು, ಎಲುಬು ಕೇಳಿ ತಂದು ಫ್ರೀಜರಿಗೆ ತುರುಕಿದಳು. ಐಸು ಬೆಳೆದು ಬಾಗಿಲು ಮುಚ್ಚದೆ, ಒಂದು ಸೀರೆಯ ಅಂಚಿನಿಂದ ಕಟ್ಟಿಟ್ಟಿದ್ದಳು.

ಅಷ್ಟರಲ್ಲಿ ತಮಿಳರ ಪುರಟಾಸಿ ತಿಂಗಳು ಬಂತು. ನಮ್ಮ ಕಡೆ ಆ ತಿಂಗಳು ಪೆರುಮಾಳ್ ದೇವರಿಗೆ ಮೀಸಲು, ಶನಿವಾರ ಶನಿವಾರ ಹಿಟ್ಟಿನ ದೀಪ ಹಚ್ಚುತ್ತೇವೆ, ತಿಂಗಳಿಡೀ ಮನೆಯೊಳಗೆ ಬಾಡಿನ ಸುದ್ದಿಯಿಲ್ಲ. ಬೀದಿಯವರೆಲ್ಲ ಮುಂಚಿನ ಭಾನುವಾರವೇ ಇದ್ದದ್ದನ್ನು ಬೇಯಿಸಿ ತಿಂದು, ಫ್ರಿಜ್ ತೊಳೆದು, ಅರಿಶಿನದ ನೀರು ಚಿಮುಕಿಸಿದರು. ಚಿಕ್ಕತ್ತೆಯ ಕಾಲುಗಳು ಮಾತ್ರ ಒಳಗೇ ಇದ್ದವು.

ಮೊದಲ ಶನಿವಾರ ಅವಳ ಮನೆಗೆ ಹಿಟ್ಟಿನ ದೀಪ ನೋಡಲು ಹೋದವಳು ಜಾರಿ ಬೀಳುವುದರಲ್ಲಿದ್ದೆ. ಫ್ರಿಜ್ ಬುಡದಿಂದ ಮಗ್ಗದ ಗುಂಡಿಯವರೆಗೆ ನೀರು, ಬರೀ ನೀರಲ್ಲ, ನಸುಗೆಂಪು.

"ಅತ್ತೆ, ಫ್ರಿಜ್ಜು ಕೆಟ್ಟೋಯ್ತಾ?"

"ಕೆಟ್ಟಿಲ್ಲಮ್ಮ, ನಾನೇ ಆರ್ಸಿವ್ನಿ." ಹಣೆಯ ಮೇಲೆ ನಾಮ ಇಟ್ಟುಕೊಂಡು ಸಮಾಧಾನವಾಗಿ ಹೇಳಿದಳು. "ಸಾಮಿಗೆ ದೀಪ ಅಚ್ಚೋ ದಿನ ಬಾಡ್ಗೆ ಕರೆಂಟು ಕೊಟ್ಟು ಕಾಪಾಡುದ್ರೆ ತಪ್ಪಲ್ವಾ? ಆರ್ಸಿಬುಟ್ರೆ ಅದು ಫ್ರಿಜ್ಜಲ್ಲ, ಬರೀ ಬೀರು. ಸಾಯಂತ್ರ ಆಕ್ತೀನಿ, ತಿರ್ಗ ಕಲ್ಲಂಗಾಯ್ತದೆ."

ನಾನು ತಲೆ ಚಚ್ಚಿಕೊಂಡೆ. ಒಂದು ಸಲ ಕರಗಿದ ಮಾಂಸವನ್ನು ಅವತ್ತೇ ಬೇಯಿಸಬೇಕು ಅತ್ತೆ, ಇಷ್ಟು ಹೊತ್ತು ಸೆಕೆಗೆ ಬಿಟ್ಟು ಮತ್ತೆ ಗಟ್ಟಿ ಮಾಡಿದರೆ ಕೆಟ್ಟದ್ದು ಒಳಗೇ ಇರುತ್ತದೆ, ಐಸು ಅದನ್ನು ಮುಚ್ಚುತ್ತದೆಯೇ ಹೊರತು ಸರಿ ಮಾಡುವುದಿಲ್ಲ ಎಂದೆ. ಬಾಣಂತಿಯ ಹೊಟ್ಟೆಗೆ ಹೋಗುವುದು, ಎಸೆದುಬಿಡು ಎಂದೆ. ಅವಳು ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು.

"ನನ್ ಮಗ್ಳಿಗೆ ಎತ್ತಿಟ್ಟಿದ್ದ ಎಸಿ ಅಂತೀಯಲ್ಲ, ನಿಂಗೆ ಮನ್ಸೆಂಗ್ ಬಂತು? ಒಣ್ಣುಂ ಆಗಾದು, ಓಗು."

ತಿಂಗಳು ಮುಗಿಯುವವರೆಗೆ ಪ್ರತಿ ಶನಿವಾರವೂ ಇದೇ ಕಥೆ. ಬೆಳಗ್ಗೆ ಆರಿಸುವುದು, ಸಂಜೆ ಹಾಕುವುದು. ಒಂದು ಪಕ್ಕದಲ್ಲಿ ಹಿಟ್ಟಿನ ದೀಪದ ತುಪ್ಪದ ವಾಸನೆ, ಇನ್ನೊಂದು ಪಕ್ಕದಲ್ಲಿ ಆ ನೀರಿನ ವಾಸನೆ... ಎರಡೂ ಸೇರಿ ಗಂಟಲಲ್ಲಿ ನಿಲ್ಲುತ್ತಿತ್ತು. ಈಗಲೂ ತುಪ್ಪದ ದೀಪದ ಹತ್ತಿರ ಹೆಚ್ಚು ಹೊತ್ತು ಕೂರಲಾರೆ.

ಪುರಟಾಸಿ ಕಳೆದು ಮುಂದಿನ ತಿಂಗಳು ಐಪ್ಪಸಿಯಲ್ಲಿ ಮಗಳು ಹೆಣ್ಣು ಮಗು ಹೆತ್ತು ತಾಯಿ ಮನೆಗೆ ಬಂದಳು. ಮುಖದಲ್ಲಿ ರಕ್ತವೇ ಇಲ್ಲ. ಮುಂದಿನ ಭಾನುವಾರ ಚಿಕ್ಕತ್ತೆ ಹಿತ್ತಲಿನಲ್ಲಿ ಒಲೆ ಹೂಡಿ ಫ್ರೀಜರಿನ ಗಂಟು ಬಿಚ್ಚಿದಳು. ಕಾಲುಗಳು ಒಂದಕ್ಕೊಂದು ಅಂಟಿ ಕಂದು ಐಸಿನ ಮುದ್ದೆಯಾಗಿದ್ದವು. ಬಿಸಿನೀರು ಸುರಿದು ಬಿಡಿಸಿದಾಗ ಚರ್ಮ ಬೂದು ಹಸಿರಾಗಿತ್ತು, ಬೆರಳಿಟ್ಟರೆ ಜಾರುತ್ತಿತ್ತು. ಆ ವಾಸನೆಗೆ ನಾನು ಬಾಳೆಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಅವಳು ಮೆಣಸು, ಜೀರಿಗೆ, ಬೆಳ್ಳುಳ್ಳಿ ಎಂದಿಗಿಂತ ಹೆಚ್ಚಾಗಿ ಜಜ್ಜಿ ಹಾಕಿ ಕುದಿಸಿದಳು.

ಸೂಪು ಲೋಟಕ್ಕೆ ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. "ಇದ್ನ ನೀನು ಅವಳ್ಗೆ ಕೊಟ್ರೆ ನಾನೇ ಈಸ್ಕೊಂಡು ಚೆಲ್ತೀನಿ ಅತ್ತೆ," ಎಂದೆ.

ನಮ್ಮ ಮನೆಗಳಲ್ಲಿ ಬಾಣಂತಿಗೆ ಮಾಡಿದ್ದನ್ನು ಮೊದಲು ತಾಯಿ ಬಾಯಿಗೆ ಹಾಕಿಕೊಂಡು ನೋಡಬೇಕು. ಅವಳು ನನ್ನ ಮುಖವನ್ನೇ ನೋಡುತ್ತ ಒಂದು ಗುಟುಕು ಕುಡಿದಳು. ಕುಡಿದವಳ ಮುಖ ಬದಲಾಯಿತು. ಅವಳಿಗೆ ಗೊತ್ತಾಯಿತು. ಉಗಿಯುತ್ತಾಳೆ ಎಂದುಕೊಂಡೆ. ಆ ಹಟಮಾರಿ ಹೆಂಗಸು ಉಗಿಯಲಿಲ್ಲ, ಲೋಟ ಎತ್ತಿ ಪೂರ್ತಿ ಕುಡಿದಳು. ಆಮೇಲೆ ಪಾತ್ರೆ ಎತ್ತಿಕೊಂಡು ಹೋಗಿ, ಕಾಲು ಎಲುಬು ಸಮೇತ ಮೋರಿಗೆ ಸುರಿದು ನೀರು ಹೊಯ್ದಳು. ಒಳಗಿಂದ ಮಗಳು ಕೂಗಿದಾಗ, "ಕೈ ಜಾರಿ ಚೆಲ್ಲೋಯ್ತು ಕಣವ್ವ," ಎಂದಳು.

ಸಂಜೆಯೊಳಗೆ ಅವಳಿಗೆ ಶುರುವಾಯಿತು. ಬಟ್ಟೆ ಬದಲಿಸಿ ಸಾಕಾಗುವಷ್ಟು ವಾಂತಿ, ಭೇದಿ. ಬಳಿದದ್ದು ನಾನೇ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದವಳು ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಅವಳ್ಗೆ ಯೋಳ್ಬ್ಯಾಡ ಲೇ. ಕೆಟ್ಟದ್ ಕೊಡಕ್ ಓದ್ಳು ನಮ್ಮವ್ವ ಅಂದ್ಕೊಂತಾಳೆ."

ಅವಳು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಬೀಗಿತ್ತಿ ಬಂದು ಬಾಣಂತಿಯನ್ನೂ ಮಗುವನ್ನೂ ಮಾರಂಡಹಳ್ಳಿಗೆ ಕರೆದುಕೊಂಡು ಹೋಗಿಯಾಗಿತ್ತು. ಚಿಕ್ಕತ್ತೆ ಮಗುವಿಗೆ ಒಂದು ಸಲವೂ ಎಣ್ಣೆ ನೀರು ಹಾಕಲಿಲ್ಲ. ಫ್ರಿಜ್‌ನ ವೈರು ಕಿತ್ತು, ಅದರೊಳಗೆ ನೂಲು ತುಂಬಿಟ್ಟಳು. ಕೆಲವು ವರ್ಷ ಬದುಕಿದ್ದಳು, ಬಾಣಂತನದ ಮಾತು ಮತ್ತೆ ಎತ್ತಲಿಲ್ಲ.

ಹೋದ ವಾರ ಅವಳ ಮಗಳು ಬಂದಿದ್ದಳು. ಜೊತೆಗೆ ಬಂದಿದ್ದ ಅವಳ ಹುಡುಗಿಗೆ ಕನ್ನಡ ಸರಿಯಾಗಿ ಬರುವುದಿಲ್ಲ, ನನ್ನ ಹತ್ತಿರವೂ ತಮಿಳೇ. ಊಟ ಮಾಡುತ್ತ ಚಿಕ್ಕತ್ತೆಯ ಮಗಳು ಹಳೆಯ ದೂರನ್ನೇ ತೆಗೆದಳು.

"ಅಕ್ಕ, ಊರೋರ್ಗೆಲ್ಲ ಮಾಡಾಕ್ತಿದ್ಳು ನಮ್ಮವ್ವ. ನಂಗೆ ಅಂತ ಒಂದ್ ಲೋಟ ಸೂಪು, ಅದ್ನೂ ಚೆಲ್ಬುಟ್ಳು."

ಇಷ್ಟು ವರ್ಷ ಕಟ್ಟಿಟ್ಟಿದ್ದ ಬಾಯಿ ತಡೆಯಲಿಲ್ಲ. ಕಾಲು, ಶನಿವಾರ, ಹಸಿರು ಚರ್ಮ, ಎಲ್ಲವನ್ನೂ ಹೇಳಿದೆ. ಅವಳು ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೂತಿದ್ದಳು.

"ಕೆಟ್ಟಿತ್ತು ಅಂತ ಅವ್ವಂಗೆ ಗೊತ್ತಾಯ್ತಾ ಅಕ್ಕ?"

"ಮೊದಲ್ನೇ ಗುಟುಕ್ಗೇ ಗೊತ್ತಾಯ್ತು."

"ಮತ್ತ್ಯಾಕೆ ಪೂರ್ತಿ ಕುಡುದ್ಳು?"

ನನ್ನ ಮೇಲಿನ ಹಟಕ್ಕೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನಂಗೆ ಅಂತ ಮಾಡಿದ್ದಲ್ವಾ, ಎಂಗ್ ಉಗೀತಾಳೆ," ಎಂದಳು. ಆಮೇಲೆ ಅನ್ನ ಕಲಸಿ, ತಟ್ಟೆಯಲ್ಲಿದ್ದದ್ದನ್ನು ಒಂದಗುಳೂ ಬಿಡದೆ ತಿಂದಳು.