ಅಲ್ಸರ್ ಎಂಬ ಮಾತು

ಕಣ್ಣೂರಿನ ಕೈಮಗ್ಗದ ಸಂಘದಲ್ಲಿ ನೂಲು ಸುತ್ತುತ್ತಲೇ ತಮ್ಮ ಪವಿತ್ರನ್‌ನನ್ನು ಓದಿಸಿ ದೊಡ್ಡವನನ್ನಾಗಿ ಮಾಡಿದವಳು ವತ್ಸಲಾ. ತಾನು ಮದುವೆಯಾಗಲಿಲ್ಲ. ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರು ಅವಳನ್ನು ಹೊರಗೆ ಕೂರಿಸಿ, ತಮ್ಮನ ಹತ್ತಿರ ಮಾತ್ರ ಮಾತಾಡಿದ್ದರು. ಹೊರಬಂದ ಅವನು ಅಕ್ಕನಿಗೆ, "ಬರೀ ಅಲ್ಸರ್, ಚೇಚಿ. ಹೆದರ್ಬೇಡ" ಅಂದಿದ್ದ.

ಅಂದಿನಿಂದ ಮನೆಯಲ್ಲಿ ಯಾರೂ ಅವಳೊಡನೆ ಜಗಳವಾಡಲಿಲ್ಲ. ಅವಳು ಅಡುಗೆಮನೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಔಷಧಿಗೆ ಕೂದಲು ಉದುರಿತು. ಅಲ್ಸರಿಗೆ ಕೂದಲೇಕೆ ಉದುರುತ್ತದೆ ಎಂದು ಕೇಳೋಣವೆಂದರೆ ಎಲ್ಲರೂ ಮುಖ ತಪ್ಪಿಸುವವರೇ.

ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರ್ ಶಾಹಿನಾ ಒಂದು ದಿನ ಪವಿತ್ರನ್‌ನನ್ನು ಚಹಾ ತರಲು ಕಳಿಸಿ, ಕುರ್ಚಿಯನ್ನು ವತ್ಸಲಾಳ ಹತ್ತಿರಕ್ಕೆ ಎಳೆದುಕೊಂಡರು.

"ಚೇಚಿ, ನಿಮಗೇನಾಗಿದೆ ಅಂತ ನಿಮಗನ್ಸುತ್ತೆ?"

"ಕ್ಯಾನ್ಸರ್." ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

"ಹೌದು. ಮುಂದಿಂದೂ ಹೇಳ್ಲಾ?"

"ಹೇಳು ಮಗಳೇ. ಸುತ್ತಿ ಬಳಸಿ ಬೇಡ."

"ಪೂರ್ತಿ ವಾಸಿ ಮಾಡೋಕೆ ನಮ್ಮ ಕೈಲಾಗಲ್ಲ. ನೋವು ಕಡಿಮೆ ಮಾಡ್ತೀವಿ. ನಿಮ್ಮ ಕೈ ಬಿಡಲ್ಲ."

ವತ್ಸಲಾ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅಳುವಷ್ಟು ಹೊತ್ತೂ ಡಾಕ್ಟರು ಎದ್ದು ಹೋಗಲಿಲ್ಲ.

"ನಿಮಗೆ ಗೊತ್ತಾಯ್ತು ಅಂತ ತಮ್ಮನಿಗೆ ಹೇಳ್ಲಾ?"

"ಬೇಡ. ಅವನು ತಡ್ಕೊಳ್ಳಲ್ಲ."

ಡಾಕ್ಟರು ಹೋದ ಮೇಲೆ ಪವಿತ್ರನ್ ಚಹಾ ಹಿಡಿದು ಬಂದ. ವತ್ಸಲಾ ಅಷ್ಟರಲ್ಲಿ ಮುಖ ತೊಳೆದಿದ್ದಳು.

"ಏನಂದ್ರು, ಚೇಚಿ?"

"ಅಲ್ಸರ್ ವಾಸಿಯಾಗ್ತಾ ಇದೆಯಂತೆ ಕಣೋ."

ಅಕ್ಕನಿಗಿನ್ನೂ ಏನೂ ಗೊತ್ತಿಲ್ಲವೆಂದು ಅವನ ಮುಖ ಹಗುರಾಯಿತು. ಅವಳು ಲೋಟ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.