ಹಲ್ಲು ಇಟ್ಟುಕೊಂಡೇ ಹುಟ್ಟಿದ ಕೂಸು

ಇಂಥ ಕಥೆಗಳನ್ನು ಕೇಳಿ ನಗುವವರಲ್ಲಿ ನಾನೇ ಮೊದಲಿಗನಾಗಿದ್ದೆ. ಬಾಲ ಇರುವ ಕೂಸು, ಮೈತುಂಬ ಕೂದಲಿನ ಕೂಸು, ಹಲ್ಲು ಇಟ್ಟುಕೊಂಡೇ ಹುಟ್ಟಿದ ಕೂಸು ಅಂತ ವಿಜಯಪುರದ ನಮ್ಮ ಓಣಿಯ ಹೆಂಗಸರು ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ವಿಚಾರಿಸಿದರೆ, ಕಂಡವರು ಯಾವಾಗಲೂ ಪಕ್ಕದ ಊರಿನವರು. ನಾನು ಮುಂಬೈಯ ಜೋಗೇಶ್ವರಿಯ ಒಂದು ಡೆಂಟಲ್ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವನು. ದಿನಾ ಯಾರ್ಯಾರದೋ ಬಾಯಿಯ ಅಚ್ಚು ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ. ಹಲ್ಲಿನ ವಿಷಯದಲ್ಲಿ ನನಗೆ ಯಾರೂ ಕಥೆ ಕಟ್ಟಿ ಹೇಳಬೇಕಿಲ್ಲ ಎಂಬ ಸೊಕ್ಕಿತ್ತು.

ಏಳು ವರ್ಷದ ಹಿಂದೆ ಕಾಂದಿವಲಿಯ ನರ್ಸಿಂಗ್ ಹೋಮಿನಲ್ಲಿ ನನ್ನ ತಂಗಿ ಶೈಲಾಗೆ ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅವ್ವ ಬೆಳಿಗ್ಗೆಯೇ ಫೋನ್ ಮಾಡಿದಳು.

"ಕೂಸಿನ ಕೆಳಗಿನ ವಸಡಿನ್ಯಾಗ ಒಂದ್ ಹಲ್ಲೈತಿಪಾ. ಸ್ವಾದರಮಾವಗ ಆಗಿಬರೂದಿಲ್ಲ ಅದು. ನೀ ಬಾ, ಆದರ ನೆಟ್ಟಗ ಮಾರಿ ನೋಡಬ್ಯಾಡ. ಮೊದಲ ಎಣ್ಯಾಗ ನೋಡಬೇಕು."

ನಮ್ಮ ಕಡೆ ಈ ಪದ್ಧತಿ ಇದೆ. ಇಂಥ ಕೂಸು ಹುಟ್ಟಿದರೆ ತಾಯಿಯ ಅಣ್ಣತಮ್ಮಂದಿರ ಜೀವಕ್ಕೆ ಕುತ್ತು ಅನ್ನುತ್ತಾರೆ. ಅದಕ್ಕೆ ಸೋದರಮಾವನಾದವನು ಕಂಚಿನ ಬಟ್ಟಲಿನ ಎಣ್ಣೆಯಲ್ಲಿ ಕೂಸಿನ ನೆರಳು ನೋಡಿ, ಆಮೇಲೆ ಮುಖ ನೋಡಬೇಕು. ಶೈಲಾಗೆ ಇದ್ದ ಅಣ್ಣ ನಾನೊಬ್ಬನೇ.

ನಾನು ಲೋಕಲ್ ರೈಲು ಹತ್ತಿದೆ. ಗೋರೆಗಾಂವ್ ದಾಟುವಾಗ ತಂಗಿಯ ಗಂಡ ಮೊಬೈಲಿಗೆ ಕೂಸಿನ ಫೋಟೋ ಕಳಿಸಿದ. ಪಾಪ, ಅವನಿಗೆ ಖುಷಿಯಲ್ಲಿ ನೆನಪೇ ಇರಲಿಲ್ಲ. ನನಗೆ ನೆನಪಿತ್ತು. ಆದರೂ ತೆರೆದೆ. ಹಲ್ಲಿನವನಲ್ಲವೇ, ಅಳುವ ಆ ಬಾಯಿಯನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದೆ.

ಆಸ್ಪತ್ರೆಯಲ್ಲಿ ಅವ್ವ ಬಟ್ಟಲು ಹಿಡಿದುಕೊಂಡೇ ಕಾಯುತ್ತಿದ್ದಳು. ಫೋಟೋದ ಮಾತು ಎತ್ತಲು ಮನಸ್ಸಾಗಲಿಲ್ಲ. ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟು ಕೂಸನ್ನು ಎತ್ತಿಕೊಂಡಳು, ನಾನು ಬಗ್ಗಿ ಎಣ್ಣೆಯಲ್ಲಿ ನೋಡಿದೆ. ಅವಳು ಕೂಸನ್ನು ನನ್ನ ಹೆಗಲ ಪಕ್ಕದಲ್ಲೇ ಹಿಡಿದಿದ್ದಳು, ಆದರೆ ಬಟ್ಟಲಲ್ಲಿ ಕಂಡದ್ದು ನನ್ನ ಮುಖ ಒಂದೇ.

"ಕಂಡ್ತೇನಪಾ?" ಅಂದಳು ಅವ್ವ.

"ಹೂಂ ಬೇ, ಕಂಡ್ತು," ಅಂದೆ. ಅವಳು ಅಷ್ಟಕ್ಕೇ ನೆಮ್ಮದಿಯಿಂದ ಅತ್ತುಬಿಟ್ಟಳು.

ಮಕ್ಕಳ ಡಾಕ್ಟರು ಒಳ್ಳೆಯ ಮನುಷ್ಯ, ಕೂಡಿಸಿಕೊಂಡು ವಿವರಿಸಿದರು. ಇದು ಅಪರೂಪ, ಆದರೆ ವಿಚಿತ್ರವೇನಲ್ಲ. ಹಾಲುಹಲ್ಲೇ ಅವಸರಪಟ್ಟು ಮೇಲೆ ಬಂದಿರುತ್ತದೆ. ಬೇರು ಬಲಿತಿರುವುದಿಲ್ಲ, ಸಡಿಲಾಗಿ ಗಂಟಲಿಗೆ ಹೋದೀತೆಂದು ಕೀಳುತ್ತಾರೆ. ಹಿಂದಿನ ಕಾಲದಲ್ಲಿ ಇಂಥ ಹಲ್ಲು ತಾಯಿಯ ಮೊಲೆಗೆ ಗಾಯ ಮಾಡಿ, ಕೂಸು ಹಾಲಿಲ್ಲದೆ ಸೊರಗುತ್ತಿದ್ದಿರಬೇಕು, ಹೆದರಿಕೆ ಹುಟ್ಟಿದ್ದು ಅಲ್ಲಿಂದಲೇ ಅಂದರು. ಆ ಹೆದರಿಕೆಯೊಳಗೆ ಸೋದರಮಾವ ಯಾಕೆ ಬಂದ ಅನ್ನುವುದನ್ನು ನಾನೇ ಹೊಂದಿಸಿಕೊಂಡೆ. ಬಾಣಂತನ ತವರಿನದು, ಕೂಸಿಗೆ ಏನಾದರೂ ಆದರೆ ಮಾತು ಬರುವುದು ತವರಿನ ಗಂಡಸಿನ ಮೇಲೆ. ಎಲ್ಲ ಸರಿಹೋಯಿತು ಅನ್ನಿಸಿತು.

ಹತ್ತು ದಿನದ ಮೇಲೆ ಹಲ್ಲು ಕಿತ್ತರು. ಅವ್ವ ಅದನ್ನು ಹತ್ತಿಯಲ್ಲಿ ಸುತ್ತಿ ನನ್ನ ಕೈಗಿಟ್ಟು, ಮನೆಯಲ್ಲಿ ಇಟ್ಟುಕೊಳ್ಳಬೇಡ, ಸಮುದ್ರಕ್ಕೆ ಹಾಕಿ ಬಾ ಅಂದಳು. ನಾನು ನೆಟ್ಟಗೆ ಲ್ಯಾಬಿಗೆ ಹೋದೆ. ಇಂಥದ್ದು ಮತ್ತೆ ನೋಡಲು ಸಿಗುವುದಿಲ್ಲ ಎಂಬ ಆಸೆ, ಅಷ್ಟೇ.

ದೀಪದ ಕೆಳಗೆ ಭೂತಗನ್ನಡಿ ಹಿಡಿದು ನೋಡಿದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಆ ಹಲ್ಲಿನ ತುದಿಯಲ್ಲಿ ಒಂದು ಕಚ್ಚು ಇತ್ತು. ಅದು ಮುರಿದ ಕಚ್ಚಲ್ಲ, ಸವೆದದ್ದು. ಇಂಥ ಕಚ್ಚು ನನಗೆ ಚೆನ್ನಾಗಿ ಗೊತ್ತು. ನಮ್ಮಪ್ಪ ದರ್ಜಿ, ನಾನೂ ಮುಂಬೈಗೆ ಬರುವ ತನಕ ಅಂಗಡಿಯಲ್ಲಿ ಕೂತು ದಾರವನ್ನು ಹಲ್ಲಿನಿಂದಲೇ ಕಡಿದವನು. ನನ್ನ ಕೆಳಗಿನ ಎಡ ಮುಂಬಲ್ಲಿನಲ್ಲಿ ಹಾಗೆಯೇ ಒಂದು ಕಚ್ಚಿದೆ.

ನನ್ನದೇ ಬಾಯಿಯ ಅಚ್ಚು ತೆಗೆದು, ಪ್ಲಾಸ್ಟರ್ ಹೊಯ್ದು ಪಕ್ಕಕ್ಕಿಟ್ಟು ನೋಡಿದೆ. ಅದೇ ಜಾಗ, ಅದೇ ಓರೆ. ಒಂದೇ ಒಂದು ವ್ಯತ್ಯಾಸವಿತ್ತು. ಕೂಸಿನ ಹಲ್ಲಿನಲ್ಲಿ ಆ ಕಚ್ಚಿನಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಕೆಳಗಿನವರೆಗೂ ಇಳಿದಿತ್ತು. ನನ್ನದರಲ್ಲಿ ಬಿರುಕಿರಲಿಲ್ಲ. ಕೀಳುವಾಗ ಇಕ್ಕಳ ತಾಗಿರಬೇಕು, ಎಳೆ ಹಲ್ಲಿನ ಮೇಲ್ಪದರ ತೆಳ್ಳಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಎರಡನ್ನೂ ಒಂದು ಡಬ್ಬಿಯಲ್ಲಿ ಹಾಕಿ ಡ್ರಾಯರಿಗೆ ತಳ್ಳಿದೆ. ಸಮುದ್ರಕ್ಕೆ ಹಾಕಿದೆ ಎಂದು ಅವ್ವನಿಗೆ ಇನ್ನೊಂದು ಸುಳ್ಳು ಹೇಳಿದೆ.

ನನ್ನ ಸೋದರಸೊಸೆಗೆ ಈಗ ಏಳು ವರ್ಷ. ಕಿತ್ತ ಜಾಗದಲ್ಲಿ ಹೊಸ ಹಲ್ಲು ಬಂದಿದೆ, ಯಾವ ಊನವೂ ಇಲ್ಲ. ಅವಳೆಂದರೆ ನನಗೆ ಜೀವ. ಹೋದ ತಿಂಗಳು ಅವಳ ಮನೆಯಲ್ಲಿ ಊಟಕ್ಕೆ ಕೂತು ಏನಕ್ಕೋ ಜೋರಾಗಿ ನಗುತ್ತಿದ್ದೆ. ಅವಳು ಹತ್ತಿರ ಬಂದು ನನ್ನ ಬಾಯಿಯೊಳಗೆ ಇಣುಕಿದಳು.

"ಮಾಮಾ, ತುಮ್ಹಾರೆ ದಾಂತ್ ಮೇ ಲೈನ್ ಆಗೇದ. ದುಖ್ತಾ ಹೈ ಕ್ಯಾ?"

ಹಲ್ಲಿನ ಗೆರೆ ನೋಯುತ್ತಿರಲಿಲ್ಲ. ಮರುದಿನ ಲ್ಯಾಬಿಗೆ ಹೋಗಿ ಕನ್ನಡಿ ಹಿಡಿದು ನೋಡಿದೆ, ಆಮೇಲೆ ಡಬ್ಬಿ ತೆಗೆದೆ. ಏಳು ವರ್ಷದ ಹಿಂದಿನ ಅಚ್ಚಿನಲ್ಲಿ ಈಗಲೂ ಬಿರುಕಿಲ್ಲ. ನನ್ನ ಬಾಯಲ್ಲಿ ಇದೆ. ಕಚ್ಚಿನಿಂದಲೇ ಹೊರಟಿದೆ. ದಾರ ಕಡಿದು ಸವೆದ ಹಲ್ಲು ವಯಸ್ಸಾದಂತೆ ಬಿರುಕು ಬಿಡುವುದುಂಟು, ಅದನ್ನು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ಅದೇ ಬಿರುಕು, ಅದೇ ಸೊಟ್ಟ, ಏಳು ವರ್ಷ ಮೊದಲೇ ಆ ಕೂಸಿನ ಹಲ್ಲಿನಲ್ಲಿ ಬುಡದವರೆಗೂ ಇಳಿದಿತ್ತು.

ಆ ಸಂಜೆ ಅವ್ವನಿಗೆ ಫೋನ್ ಮಾಡಿ, ಎಣ್ಣೆಯಲ್ಲಿ ನೋಡುವುದನ್ನು ತಪ್ಪಿಸಿದವನು ಆಮೇಲೆ ಯಾವಾಗಲಾದರೂ ನೋಡಬಹುದೇ ಎಂದು ಕೇಳಿದೆ.

"ನೆಟ್ಟಗ ನೋಡಿದ ಮ್ಯಾಲ ಮುಗೀತಲ್ಲಪಾ. ಮತ್ತೇನ್ ನೋಡೂದು? ಯಾಕ, ಏನಾತು?"

ಲ್ಯಾಬಿನಲ್ಲಿ ಯಾರೋ ಕೇಳಿದರು ಅಂದೆ. ಮೂರನೆಯ ಸುಳ್ಳು.

ಈಗ ಹಲ್ಲುಜ್ಜುವಾಗ ಕನ್ನಡಿ ನೋಡುವುದನ್ನು ಬಿಟ್ಟಿದ್ದೇನೆ. ನಾಲಿಗೆ ಮಾತ್ರ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಹೋದ ತಿಂಗಳು ಬಿರುಕು ಅರ್ಧಕ್ಕೆ ಬಂದಿತ್ತು.