ಕಡ್ಡಿಗೆ ಕಟ್ಟಿದ ಫೋನುಗಳು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಕಪ್ಪಗಿದ್ದವು. ಹಸಿ ಹೊಗೆಸೊಪ್ಪಿನ ಅಂಟು ವರ್ಷವರ್ಷವೂ ಕೂತು ಚರ್ಮದೊಳಗೇ ಇಳಿದು, ಸೋಪಿಗೂ ಹುಣಸೆಹಣ್ಣಿಗೂ ಜಗ್ಗದೆ ಉಳಿದ ಕಪ್ಪು ಅದು. ಸೀಮೆಸುಣ್ಣದ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಾಗ ಆ ಎರಡು ಬೆರಳ ಗುರುತು ಡಬ್ಬಿಯ ಮೇಲೂ ಉಳಿಯುತ್ತಿತ್ತು.

ಹನಗೋಡಿನ ಆಚೆಗಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟರು, ಅವರು ಅಟೆಂಡರ್. ಮಕ್ಕಳ ಬಾಯಲ್ಲಿ ಅಟೆಂಡರಮ್ಮ. ಹೊರಗುತ್ತಿಗೆಯ ಕೆಲಸ, ಯಾವತ್ತು ಬೇಡವೆಂದರೆ ಅವತ್ತಿಗೆ ಮುಗಿಯಿತು. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನಾವೆಲ್ಲ "ಬಾಮ್ಮ, ಹೋಗಮ್ಮ" ಎಂದೇ ಕರೆಯುತ್ತಿದ್ದೆವು. ಈಗ ಬರೆಯುವಾಗ ಬಹುವಚನ ತಾನಾಗಿ ಬರುತ್ತಿದೆ. ಸತ್ತವರಿಗೆ ಮರ್ಯಾದೆ ಕೊಡುವುದರಲ್ಲಿ ನಾವು ಮೇಷ್ಟರುಗಳು ಯಾರಿಗೂ ಕಡಿಮೆಯಿಲ್ಲ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಹೆದರಿಕೆಯ ಮನುಷ್ಯ. ಹುಣಸೂರಿನ ಮನೆಗೆ ಬೀಗ ಹಾಕಿ ಸ್ಕೂಟರ್ ಹತ್ತಿದವನು ಮೊದಲ ತಿರುವಿನಿಂದ ವಾಪಸ್ ಬಂದು ಬೀಗ ಎಳೆದು ನೋಡುತ್ತೇನೆ. ಮಕ್ಕಳ ಕೈ ಸುಟ್ಟೀತೆಂದು ಪ್ರಯೋಗಶಾಲೆಯ ಆಮ್ಲವನ್ನು ತೆಳ್ಳಗೆ ಮಾಡಿ ಮಾಡಿ, ಕೊನೆಗೆ ಲಿಟ್ಮಸ್ ಕಾಗದವೂ ಬಣ್ಣ ಬದಲಿಸದ ಹಾಗೆ ಮಾಡಿದ ಕೀರ್ತಿ ನನ್ನದು.

ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಕೊಂಡ ಫೋನುಗಳು, ಶಾಲೆ ತೆರೆದ ಮೇಲೆ ಮಕ್ಕಳ ಜೊತೆಗೇ ಶಾಲೆಗೆ ಬಂದವು. ಪುಸ್ತಕದ ಒಳಗೊಂದು, ತೊಡೆಯ ಮೇಲೊಂದು. ಹೆಡ್‌ಮಾಸ್ಟರು ಬೇಸತ್ತು, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಯಾರ ಕೈಯಲ್ಲೂ ಫೋನು ಇರಕೂಡದು ಎಂದರು. ಮನೆಯಲ್ಲೇ ಬಿಟ್ಟು ಬನ್ನಿ ಎನ್ನುವ ಹಾಗಿರಲಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಕಾಡಂಚಿನ ಹಳ್ಳಿಗಳ ಹೆಣ್ಣುಮಕ್ಕಳಿಗೆ ಅದೊಂದೇ ದಿಕ್ಕು. ಆದ್ದರಿಂದ ಬಂದ ಕೂಡಲೇ ಇಸಿದುಕೊಂಡು ಸಂಜೆ ಕೊಡುವುದೆಂದು ತೀರ್ಮಾನವಾಯಿತು. ಜವಾಬ್ದಾರಿ ನನಗೆ ಬಿತ್ತು. "ಹೆದರುವವರೇ ಹುಷಾರಾಗಿ ನೋಡ್ಕೊಳ್ಳೋದು" ಎಂದು ಹೆಡ್‌ಮಾಸ್ಟರು ಹೊಗಳಿದರೋ ಹಂಗಿಸಿದರೋ, ಈಗಲೂ ಗೊತ್ತಿಲ್ಲ.

ಮೊದಲ ದಿನ ಎಲ್ಲ ಫೋನುಗಳನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿದೆ. ನಾಲ್ಕು ಗಂಟೆಗೆ ನೂಕುನುಗ್ಗಲಾಗಿ ಎರಡು ಫೋನಿನ ಗಾಜು ಒಡೆಯಿತು. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಅಟೆಂಡರಮ್ಮ ಅಂದರು:

"ಇದೇನ್ ಆಲೂಗೆಡ್ಡೆನಾ ಮೇಷ್ಟ್ರೇ, ಒಂದೇ ಕಡೆ ಸುರಿಯಕ್ಕೆ? ನಂಗ್ ಬುಡಿ."

ನಮ್ಮ ಕಡೆ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ, ಎಂದರೆ ಸೊಪ್ಪು ಹದಮಾಡುವ ಬಿಸಿ ಮನೆಯಲ್ಲಿ, ಬೇಯಿಸುವ ಮೊದಲು ಕಡ್ಡಿಗೆ ಕಟ್ಟುತ್ತಾರೆ. ಹೆಂಗಸರು ಜೋಡಿಜೋಡಿಯಾಗಿ ಕೂರುತ್ತಾರೆ: ಒಬ್ಬಳು ಎಲೆ ಹೊಂದಿಸಿ ಕೊಟ್ಟರೆ ಇನ್ನೊಬ್ಬಳು ದಾರ ಸುತ್ತಿ ಬಿಗಿಯುತ್ತಾಳೆ. ಎಷ್ಟು ಜಗ್ಗಿದರೂ ಉದುರದ, ತುದಿ ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುವ ಗಂಟು ಅದು. ಅಟೆಂಡರಮ್ಮ ಹಳೆಯ ಸಮವಸ್ತ್ರದ ಬಟ್ಟೆಯಲ್ಲಿ ಪುಟ್ಟ ಚೀಲಗಳನ್ನು ಹೊಲಿದು, ಮನೆಯಿಂದ ಮೂರು ಕಡ್ಡಿ ತಂದು, ತರಗತಿಗೊಂದರಂತೆ ಚೀಲಗಳನ್ನು ಅದೇ ಗಂಟಿನಲ್ಲಿ ಕಟ್ಟಿದರು. ಕಡ್ಡಿಗಳನ್ನು ಪ್ರಯೋಗಶಾಲೆಯ ಕಬ್ಬಿಣದ ಬೀರುವಿನೊಳಗೆ ಅಡ್ಡಡ್ಡ ಇಟ್ಟರು. ಓದು ಬಾರದ ಅವರು ಪ್ರತಿ ಚೀಲಕ್ಕೂ ಬೇರೆ ಬಣ್ಣದ ದಾರ ಹೊಲಿದು ಗುರುತು ಮಾಡಿಕೊಂಡಿದ್ದರು. ಒಂದು ದಿನವೂ ಒಬ್ಬರ ಫೋನು ಇನ್ನೊಬ್ಬರಿಗೆ ಹೋಗಲಿಲ್ಲ.

ಬೆಳಿಗ್ಗೆ ಇಸಿದುಕೊಳ್ಳುವಾಗ ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. "ಲೇ, ಕೆಂಡದಂಗೆ ಕಾದದೆ ಕಣ್ಲಾ ಇದು. ದಾರಿಯುದ್ದಕ್ಕೂ ಏನ್ ನೋಡ್ಕಂಡ್ ಬಂದೆ? ನನ್ ಬೀರುನಲ್ಲಾದ್ರೂ ಒಸಿ ಮಲಗ್ಲಿ ಬುಡು." ಫೋನಿಲ್ಲದ ಕೈಗಳು ಮೊದಮೊದಲು ಚಡಪಡಿಸುತ್ತಿದ್ದವು. ತಿಂಗಳೊಪ್ಪತ್ತಿನಲ್ಲಿ ಊಟದ ಬಿಡುವಿನಲ್ಲಿ ಕಬಡ್ಡಿ ಶುರುವಾಯಿತು. ನಿಯಮ ಒಳ್ಳೆಯದೇ ಆಗಿತ್ತು. ಇವತ್ತಿಗೂ ಹಾಗೆಯೇ ಅನ್ನುತ್ತೇನೆ.

ಕೆಟ್ಟದ್ದು ನಾನು ಬರೆದ ಉಪನಿಯಮ. ಒಂದು ನೋಟ್‌ಬುಕ್ಕಿನಲ್ಲಿ ಹನ್ನೊಂದು ಸೂಚನೆ ಬರೆದಿದ್ದೆ. ಏಳನೆಯದು: ಫೋನು ಹೊಡೆದುಕೊಂಡರೂ ಸಿಬ್ಬಂದಿ ಯಾರೂ ಎತ್ತತಕ್ಕದ್ದಲ್ಲ. ಹೆಣ್ಣುಮಕ್ಕಳ ಫೋನನ್ನು ಮುಟ್ಟಿದರೆಂದು ಯಾರಾದರೂ ತಗಾದೆ ತೆಗೆದರೆ? ಯಾರಾದರೂ ಮೇಲಿನವರಿಗೆ ಅರ್ಜಿ ಹಾಕಿದರೆ? ಇಂಥವನ್ನೆಲ್ಲ ಮುಂಚಿತವಾಗಿ ಯೋಚಿಸುವುದೇ ನನ್ನ ಬುದ್ಧಿವಂತಿಕೆ.

ಓದಿ ಹೇಳಿದಾಗ ಅವರು ಕೇಳಿದ್ದರು: "ಒಂದೇ ಸಮ ಬಡ್ಕತಾ ಇದ್ರೂ ಎತ್ತಬಾರ್ದಾ?"

"ಎತ್ತಬಾರದು."

"ಕಿವಿ ಇರೋರ್ಗೆ ಕಷ್ಟ ಕಣ್ರೀ ಅದು" ಎಂದು ನಕ್ಕರು.

ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ತಾಯಿ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿ ವಾರವಾಗಿತ್ತು, ನಮಗೆಲ್ಲ ಗೊತ್ತಿತ್ತು. ಗುಣವಾಗುತ್ತಿದೆ ಎಂದು ಅವಳೇ ಹೇಳಿದ್ದಳು. ಒಂದು ಶುಕ್ರವಾರ ಹನ್ನೆರಡರ ಹೊತ್ತಿಗೆ ನಾನು ಎಂಟನೆಯ ತರಗತಿಗೆ ಬೆಳಕಿನ ಪಾಠ ಮಾಡುತ್ತಿದ್ದೆ. ಅಟೆಂಡರಮ್ಮ ಬಾಗಿಲಿಗೆ ಬಂದು ಕೈಸನ್ನೆ ಮಾಡಿದರು. ಹೊರಗೆ ಬಂದೆ.

"ಮೇಷ್ಟ್ರೇ, ಆ ಹುಡ್ಗಿ ಚೀಲ ಒಂದೇ ಸಮ ಗುರುಗುಟ್ತಾ ಅದೆ. ಆರ್ ಸತಿ ಆಯ್ತು. ಆಸ್ಪತ್ರೆಯಿಂದ್ಲೋ ಏನೋ. ಅವಳನ್ನ ಕರೀಲಾ?"

ಆರು ಸಲ ಎಂದಾಗ ನನಗೆ ಹೆದರಿಕೆಯಾಯಿತು. ನನಗೆ ಹೆದರಿಕೆಯಾಗುವುದು ದಿನಕ್ಕೆ ಹತ್ತು ಸಲ. ಬೀಗಕ್ಕೂ ಹಾಗೆಯೇ ಆಗುತ್ತದೆ, ಗ್ಯಾಸ್ ಒಲೆಗೂ ಹಾಗೆಯೇ. ಹಾಗಾಗಿ ನಿಜವಾದ ಭಯ ಬಂದಾಗ ಗುರುತು ಸಿಗಲಿಲ್ಲ. ಒಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂಬುದು ಮಾತ್ರ ತಲೆಗೆ ಬಂತು.

"ನಾಲ್ಕು ಗಂಟೆಗೆ ನೋಡ್ಕೋತಾಳೆ. ಹೋಗಮ್ಮ" ಎಂದೆ.

ಅವರು ಬೀರುವಿನ ಕಡೆ ಹೋದರು.

ನಾಲ್ಕು ಗಂಟೆಗೆ ಹುಡುಗಿ ಅಂಗಳದಲ್ಲಿ ನಿಂತು ಫೋನು ಕಿವಿಗಿಟ್ಟಿದ್ದು ಕಂಡೆ. ನಿಂತಲ್ಲೇ ಕೂತುಬಿಟ್ಟಳು. ತಾಯಿ ಎರಡು ಗಂಟೆಗೆ ಹೋಗಿದ್ದರು. ಹನ್ನೊಂದರಿಂದ ಪ್ರಾಣ ಬಿಡುವವರೆಗೂ ಮಗಳ ದನಿ ಕೇಳಬೇಕೆಂದು ಗಂಡನನ್ನು ಪೀಡಿಸಿದ್ದರಂತೆ.

ತಿಥಿ ಮುಗಿಸಿಕೊಂಡು ಹುಡುಗಿಯ ತಂದೆ ಶಾಲೆಗೆ ಬಂದರು. ತಲೆ ಬೋಳಿಸಿದ್ದರು. ಜೊತೆಗೆ ನಾಲ್ಕೈದು ಜನ ನೆಂಟರು. ಹೆಡ್‌ಮಾಸ್ಟರ ಕೋಣೆಯಲ್ಲಿ ಅವರು ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಅಷ್ಟ್ ಸತಿ ಫೋನ್ ಮಾಡಿದ್ನಲ್ಲ ಸಾ, ಇಲ್ಲಿ ಯಾರ್ ಕಿವಿಗೂ ಬೀಳ್ನಿಲ್ವಾ?"

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲು ಸಿದ್ಧನಾಗುತ್ತಿದ್ದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಷ್ಟರಲ್ಲಿ ಬಾಗಿಲ ಬಳಿಯಿಂದ ದನಿ ಬಂತು.

"ನನ್ ಕಿವಿಗ್ ಬಿತ್ತು ಕಣಪ್ಪ."

"ಬಿದ್ಮೇಲೆ? ಮೇಷ್ಟ್ರಿಗಾದ್ರೂ ಒಂದ್ ಮಾತ್ ಹೇಳ್ಬಾರ್ದಿತ್ತಾ?"

ಅಟೆಂಡರಮ್ಮ ನನ್ನ ಕಡೆ ನೋಡಲಿಲ್ಲ. "ಏಳ್ನಿಲ್ಲ" ಎಂದರು. "ನಂದೇ ತಪ್ಪು."

ಹೆಡ್‌ಮಾಸ್ಟರು ಅವರನ್ನು ಎಲ್ಲರೆದುರು ಗದರಿದರು; ಬೇರೆಯವರು ಸಿಗದ್ದರಿಂದ ಕೆಲಸದಿಂದ ತೆಗೆಯಲಿಲ್ಲ. ಶಿಕ್ಷೆ ಕೊಟ್ಟದ್ದು ಊರು. ರಜೆಯಲ್ಲಿ, ಬೆಳಗಿನ ಹೊತ್ತಿನಲ್ಲಿ ಅವರು ಕೂಲಿಗೆ ಸೊಪ್ಪು ಕಟ್ಟಲು ಹೋಗುತ್ತಿದ್ದರು; ಆ ವರ್ಷ ಅವರಿಗೆ ಜೋಡಿ ಸಿಗಲಿಲ್ಲ. ಯಾರ ಪಕ್ಕ ಕೂತರೂ ಎದ್ದು ಬೇರೆ ಕಡೆ ಹೋಗುತ್ತಿದ್ದರಂತೆ. ಒಬ್ಬರೇ ಎಲೆಯನ್ನೂ ಹೊಂದಿಸಿ ದಾರವನ್ನೂ ಸುತ್ತಿದರೆ ಅರ್ಧ ಕೆಲಸವೂ ಸಾಗದು. ಎರಡು ದಿನ ಹಾಗೆ ಕೂತು, ಮೂರನೆಯ ದಿನ ಹೋಗುವುದನ್ನು ಬಿಟ್ಟರು. ಇದನ್ನು ನನಗೆ ಹೇಳಿದವರು ಶಾಲೆಯ ಬಿಸಿಯೂಟದ ಅಡುಗೆಯವರು. ಅಟೆಂಡರಮ್ಮನಂತೂ ಒಂದು ದಿನವೂ ಈ ಮಾತು ಆಡಲಿಲ್ಲ.

ಒಮ್ಮೆ, ಪ್ರಯೋಗಶಾಲೆಯಲ್ಲಿ ಇಬ್ಬರೇ ಇದ್ದಾಗ, ಕೇಳಿದೆ: "ಯಾಕಮ್ಮ ಹಾಗಂದೆ ಅವತ್ತು?"

ಚೀಲದ ಗಂಟು ಬಿಗಿಯುತ್ತಲೇ ಅಂದರು: "ನಿಮ್ ಮಾತ್ನ ಮಕ್ಳು ಕೇಳ್ಬೇಕಲ್ಲ ಮೇಷ್ಟ್ರೇ. ನನ್ ಮಾತ್ನ ಯಾರ್ ಕೇಳ್ಬೇಕಾಗದೆ?" ಮತ್ತೊಂದು ಚೀಲ ಎತ್ತಿಕೊಂಡು ಸೇರಿಸಿದರು: "ನೀವಂತೂ ಕೇಳ್ನಿಲ್ಲ."

ಅದಾದ ಮೇಲೆ ಏಳನೆಯ ಸೂಚನೆಯನ್ನು ಅವರೇ ರದ್ದು ಮಾಡಿದರು. ಬೀರುವಿನ ಪಕ್ಕ ಸ್ಟೂಲು ಹಾಕಿಕೊಂಡು, ಕೆಲಸದ ನಡುವೆ ಬಂದು ಬಂದು ಕೂತು, ಯಾವ ಚೀಲ ಅಲುಗಾಡಿದರೂ ಬಿಚ್ಚಿ ಎತ್ತುತ್ತಿದ್ದರು. "ಇಸ್ಕೂಲಿಂದ. ಏಳಿ." ಕೇಳಿದ್ದನ್ನು ನೆನಪಿಟ್ಟುಕೊಂಡು ತರಗತಿಯ ಬಾಗಿಲಿಗೆ ಬಂದು ಒದರುತ್ತಿದ್ದರು: "ನಿಮ್ಮವ್ವ ಅಜ್ಜಿ ಮನೆಗ್ ಓಯ್ತಾಳಂತೆ, ಬೀಗದ್ ಕೈ ಕೊಟ್ಟಿಗೆ ಸೂರಲ್ಲಿ ಅದಂತೆ. ಎಮ್ಮೆಗ್ ನೀರ್ ತೋರ್ಸ್ಬೇಕಂತೆ, ಮರೀಬ್ಯಾಡ ಕಣೇ." ತರಗತಿ ನಗುತ್ತಿತ್ತು. ಅವರು ನಗುತ್ತಿರಲಿಲ್ಲ. ನಾನು ಸುಮ್ಮನೆ ನಿಂತು ಅವರು ಮುಗಿಸುವವರೆಗೆ ಕಾಯುತ್ತಿದ್ದೆ. ಅದು ನಾನು ತೋರಿಸಿದ ಒಟ್ಟು ಧೈರ್ಯ.

ನಿಜ ಹೇಳಬೇಕೆಂದು ಆ ತಂದೆಯ ಮನೆಗೆ ಮೂರು ಸಲ ಹೊರಟಿದ್ದೆ. ಒಮ್ಮೆ ಮಳೆ ಎಂದುಕೊಂಡೆ. ಒಮ್ಮೆ ವಿಚಾರಣೆ, ಬಡ್ತಿ, ಮಗಳ ಓದು ಎಲ್ಲ ನೆನಪಾಯಿತು. ಮೂರನೆಯ ಸಲ ಅವರ ಊರಿನ ಹೆಬ್ಬಾಗಿಲವರೆಗೆ ಹೋಗಿ, ಸ್ಕೂಟರಿನ ಚಕ್ರದಲ್ಲಿ ಗಾಳಿ ಕಡಿಮೆಯಿದೆ ಎಂದು ತಿರುಗಿಸಿಕೊಂಡು ಬಂದೆ. ಗಾಳಿ ಸರಿಯಾಗಿಯೇ ಇತ್ತು.

ಹೀಗೆ ನಾಲ್ಕು ವರ್ಷವಾಯಿತು. ಕಳೆದ ಬೇಸಿಗೆ ರಜೆಯಲ್ಲಿ ಅಟೆಂಡರಮ್ಮ ತೀರಿಕೊಂಡರು. ಹೊಟ್ಟೆನೋವು ಎನ್ನುತ್ತಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳುವ ಹೊತ್ತಿಗೆ ಹದಿನೈದೇ ದಿನ ಉಳಿದಿತ್ತು. ಮಣ್ಣಿಗೆ ಹೋಗಿದ್ದೆ. ಜನ ಬಹಳ ಇರಲಿಲ್ಲ.

ಶಾಲೆ ತೆರೆದ ವಾರ, ಒಂದು ಬೆಳಿಗ್ಗೆ, ಎಲ್ಲೂ ನಿಲ್ಲಿಸದೆ ಆ ತಂದೆಯ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ: ಅವತ್ತು ಅಟೆಂಡರಮ್ಮ ನನ್ನ ಹತ್ತಿರ ಬಂದಿದ್ದರು, ಆರು ಸಲ ಆಯಿತು ಎಂದಿದ್ದರು, ಮಗಳನ್ನು ಕರೆಯಲೇ ಎಂದು ಕೇಳಿದ್ದರು, ಹೋಗಮ್ಮ ಎಂದವನು ನಾನು.

ಮಸೆಯುವ ಕೈ ನಿಂತಿತು. ಬೈಗುಳಕ್ಕೆ ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಆಯಮ್ಮ ಎದುರ್ಗೆ ಸಿಕ್ರೆ ರಸ್ತೆ ದಾಟ್ಬುಡ್ತಿದ್ದೆ ಸಾ" ಎಂದರು. "ನಾಕ್ ವರ್ಸ. ನಮ್ ಹೆಂಗಸ್ರಿಗೂ ಹೇಳಿದ್ದೆ, ಅವಳ ಪಕ್ಕ ಕೂರ್ಬ್ಯಾಡಿ ಅಂತ. ಒಂದ್ ದಿನ ಬಸ್ ಸ್ಟ್ಯಾಂಡ್ನಲ್ಲಿ ನನ್ ಮುಂದೆ ಬಂದ್ ನಿಂತ್ಲು. ಏನೋ ಹೇಳಕ್ ಬಂದ್ಲು ಅಂತ ಕಾಣ್ತದೆ. ಉಗುದ್ಬುಟ್ಟೆ."

ಕುಡುಗೋಲನ್ನು ಪಕ್ಕಕ್ಕಿಟ್ಟರು.

"ಇದ್ನ ಹೋದ್ ತಿಂಗ್ಳು ಹೇಳಿದ್ರೆ ಕಾಲಿಗ್ ಬಿದ್ ಬರ್ತಿದ್ದೆ ಸಾ. ಈಗ ಎಲ್ ಹೋಗ್ಲಿ?"

ಅವರು ನನಗೆ ಕೂತುಕೊಳ್ಳಿ ಎಂದೂ ಅನ್ನಲಿಲ್ಲ, ಹೊರಡಿ ಎಂದೂ ಅನ್ನಲಿಲ್ಲ. ಕೊನೆಗೆ ಅವರೇ ಬಿಸಿಲಿನ ಕಡೆ ನೋಡಿ, "ಹೊತ್ತಾಯ್ತು, ಇಸ್ಕೂಲ್ಗೆ ಹೋಗಿ" ಎಂದರು.

ಹೋದೆ. ಶಾಲೆಗೆ ತಡವಾಗಿರಲಿಲ್ಲ; ಅವತ್ತು ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲೇ ಮುಟ್ಟಿದ್ದೆ.